ಲೆಕ್ಕದಲ್ಲಿ ಇಲ್ಲದವರಿಗೆ ಜ್ವರ ಬರುವುದಿಲ್ಲ

ನಗರದಂಚಿನ ಬಡಾವಣೆಗಳಲ್ಲಿ ಜನ ಜಾಸ್ತಿ ಆಗಿದ್ದಾರೆ ಎಂಬುದು ಶುದ್ಧ ವದಂತಿ. ನಂಬಬೇಡಿ. ಸರ್ಕಾರದ ಕಡತದಲ್ಲಿ 2011ರಲ್ಲಿ ಎಷ್ಟು ಜನ ಇದ್ದರೋ ಇವತ್ತೂ ಅಷ್ಟೇ ಜನ. ಹುಟ್ಟಿದವರಿಲ್ಲ, ಬಾಡಿಗೆಗೆ ಬಂದವರಿಲ್ಲ. ಪುಣ್ಯಕ್ಕೆ ಸತ್ತವರೂ ಇಲ್ಲ.

ದೇಶದಲ್ಲಿ ಕೊನೆಯ ಸಲ ತಲೆ ಎಣಿಸಿದ್ದು ಆಗ. 121 ಕೋಟಿ ಅಂತ ಬರೆದುಕೊಂಡು ಪುಸ್ತಕ ಮುಚ್ಚಿದರು. 2021ರ ಗಣತಿಗೆ ಕೋವಿಡ್ ಅಡ್ಡ ಬಂತು. ಕೋವಿಡ್ ಹೋಯಿತು, ಗಣತಿ ಮಾತ್ರ ಬರಲಿಲ್ಲ. ಈಗ 2027ರ ಮಾರ್ಚ್ 1ಕ್ಕೆ ಮುಹೂರ್ತ ಇಟ್ಟಿದ್ದಾರೆ.

ಇದರ ಲಾಭ ನೋಡಿ. ನಿಯಮದ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರ ನಗರದಲ್ಲಿ 50,000 ಜನಕ್ಕೊಂದು, ಹಳ್ಳಿಗಾಡಿನ ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಇರಬೇಕು. ಜನ ಹೆಚ್ಚಿದರೆ ಕಟ್ಟಡ, ಡಾಕ್ಟರು, ನರ್ಸು ಎಲ್ಲ ಹೆಚ್ಚಬೇಕು. ಎಣಿಸದೇ ಬಿಟ್ಟರೆ ಆ ತಲೆನೋವೇ ಇಲ್ಲ. ಜನಸಂಖ್ಯಾ ನಿಯಂತ್ರಣಕ್ಕೆ ಇದಕ್ಕಿಂತ ಅಗ್ಗದ ದಾರಿ ಬೇರೆ ಇದೆಯಾ? ಅಂದಾಜು ಅಂಕಿ ಇದೆಯಲ್ಲ ಅಂತ ಯಾರಾದರೂ ಸಾಹೇಬರು ಹೇಳಬಹುದು. ಇದೆ, ರಾಜ್ಯಕ್ಕೆ. ನಾಲ್ಕನೇ ಅಡ್ಡರಸ್ತೆಗೆ ಇಲ್ಲ.

ಇಂಥ ಯಾವುದಾದರೂ ಕೇಂದ್ರಕ್ಕೆ ಹೋಗಿ ನೋಡಿ. ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ 'ವ್ಯಾಪ್ತಿಯ ಜನಸಂಖ್ಯೆ' ಅಂತ ಬರೆದಿರುತ್ತದೆ. ಬಣ್ಣ ಮಾಸಿದೆ, ಅಂಕಿ ಮಾಸಿಲ್ಲ. ಅದರ ಕೆಳಗೆ ಒಂದು ಬೆಂಚು, ಬೆಂಚಿನ ಮುರಿದ ಕಾಲಿಗೆ ಇಟ್ಟಿಗೆ. ಕ್ಯೂ ವರಾಂಡ ದಾಟಿ ಗೇಟಿನಾಚೆ ಬೈಕುಗಳ ನಡುವೆ ನಿಂತಿದೆ. ಲಸಿಕೆ ಹಾಕಿಸಿಕೊಂಡ ಕೂಸೊಂದು ಕಿರುಚುತ್ತಿದೆ. ಬೋರ್ಡಿನ ಪ್ರಕಾರ ಅಲ್ಲಿ ಯಾರೂ ಕಿರುಚುತ್ತಿಲ್ಲ.

ಇನ್ನೊಂದು ತಮಾಷೆ ಇದೆ. ಕನಿಷ್ಠ 5,000 ಜನ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯದ ಹೊರಗೆ, ಚದರ ಕಿಲೋಮೀಟರಿಗೆ 400 ಜನ. ಇಷ್ಟಿದ್ದರೆ ಗಣತಿಯವರು ಅದನ್ನು ಪಟ್ಟಣ ಅನ್ನುತ್ತಾರೆ. ಆಡಳಿತಕ್ಕೆ ಮಾತ್ರ ಅದು ಗ್ರಾಮ ಪಂಚಾಯಿತಿಯಾಗಿಯೇ ಉಳಿದಿರಬಹುದು. ಹತ್ತು ಮಹಡಿಯ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಇಳಿದು ಬರುವವರೂ ಕಾಗದದಲ್ಲಿ ಗ್ರಾಮಸ್ಥರೇ. ಒಳಚರಂಡಿ ಕೇಳಿದರೆ 'ನಿಮ್ಮದು ಹಳ್ಳಿ' ಅನ್ನುತ್ತಾರೆ. ಕೆರೆ ಎಲ್ಲಿ ಹೋಯಿತು ಅಂತ ಕೇಳಿದರೆ 'ಇದು ಸಿಟಿ ಸ್ವಾಮಿ' ಅನ್ನುತ್ತಾರೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಈ ಏರ್ಪಾಡು ಚೆನ್ನಾಗಿ ಒಗ್ಗಿದೆ. ಅದಕ್ಕೆ ಕೊಚ್ಚೆ ಬೇಡ, ನಿಂತ ತಿಳಿನೀರು ಸಾಕು. ನಲ್ಲಿ ನೀರು ದಿನಾ ಬರುವುದಿಲ್ಲವಾದ್ದರಿಂದ ಮನೆಮನೆಯಲ್ಲೂ ಡ್ರಮ್ಮು ತುಂಬಿರುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ, ಹತ್ತು ದಿನ. ನಮ್ಮನ್ನು ಇನ್ನೊಮ್ಮೆ ಎಣಿಸಲು 16 ವರ್ಷ.

ಜ್ವರದ ಗಲಾಟೆ ಜೋರಾದಾಗ ಹೊಗೆ ಗಾಡಿ ಬರುತ್ತದೆ. ಹೊಗೆಗೆ ಸಾಯುವುದು ಹಾರುವ ಸೊಳ್ಳೆ. ಡ್ರಮ್ಮಿನೊಳಗಿನ ಮರಿ ಆರಾಮ. ಆದರೂ ಹೊಗೆ ಬೇಕು, ಫೋಟೊದಲ್ಲಿ ಚೆನ್ನಾಗಿ ಬರುತ್ತದೆ. ಡ್ರಮ್ಮಿನೊಳಗೆ ಬಗ್ಗಿ ನೋಡುವ ಆಶಾ ಕಾರ್ಯಕರ್ತೆಯ ಫೋಟೊ ಯಾರೂ ತೆಗೆಯುವುದಿಲ್ಲ. ಹಳ್ಳಿಯ ಲೆಕ್ಕದಲ್ಲಿ 1,000 ಜನಕ್ಕೆ ಒಬ್ಬ ಆಶಾ. ಅವರ ಸಾವಿರ ಮಾತ್ರ ಪ್ರತಿ ಹೊಸ ಲೇಔಟಿನ ಜೊತೆ ಉದ್ದವಾಗುತ್ತಲೇ ಇದೆ.

ಗಣತಿ ಮುಗಿಯುವ ತನಕ ಜ್ವರ ಬಂದವರು ಆಸ್ಪತ್ರೆಗೆ ಹೋಗುವಾಗ 2011ರಲ್ಲೂ ಇಲ್ಲೇ ಇದ್ದೆವು ಅನ್ನುವುದಕ್ಕೆ ಒಂದು ದಾಖಲೆ ಹಿಡಿದುಕೊಂಡು ಹೋದರೆ ಒಳ್ಳೆಯದು. ಕರೆಂಟ್ ಬಿಲ್ಲಾದರೂ ನಡೆದೀತು. ಹದಿನೈದು ತುಂಬದ ಮಕ್ಕಳದ್ದೇ ಸ್ವಲ್ಪ ಕಷ್ಟ.