ಎಷ್ಟು ಎಪಿ ಆಯ್ತು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಕ್ಯುಪರ್ಟಿನೊ ಕಡೆಯ ಕನ್ನಡಿಗರ ಸಂಕ್ರಾಂತಿ ಕೂಟಗಳಲ್ಲಿ ಎಳ್ಳುಬೆಲ್ಲ ಕೈಗೆ ಬೀಳುವ ಮೊದಲೇ ‘ನಿಮ್ಮ ಮಗಳದು ಎಷ್ಟು ಎಪಿ ಆಯ್ತು?’ ಎಂಬ ಪ್ರಶ್ನೆ ಕಿವಿಗೆ ಬೀಳುತ್ತದೆ. ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠ ಓದಿ, ಮೇ ತಿಂಗಳ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರು ಮುಂದೆ ಅದನ್ನೇ ಮತ್ತೆ ಓದುವ ಕಷ್ಟ ತಪ್ಪಲಿ ಎಂಬ ಸದುದ್ದೇಶದಿಂದ 1950ರ ದಶಕದಲ್ಲಿ ಹುಟ್ಟಿದ ವ್ಯವಸ್ಥೆ ಇದು. ಇದನ್ನು ನಡೆಸುವ ಕಾಲೇಜ್ ಬೋರ್ಡ್ ಲಾಭದ ಆಸೆಯಿಲ್ಲದ ಸಂಸ್ಥೆ. ಒಂದೊಂದು ಪರೀಕ್ಷೆಗೆ ಅದು ಕೇಳುವುದು ಸುಮಾರು 100 ಡಾಲರ್ ಮಾತ್ರ.

ಇದರ ಗಣಿತ ಬಲು ಸೊಗಸು. ಅನೇಕ ಶಾಲೆಗಳಲ್ಲಿ ಸಾಮಾನ್ಯ ವಿಷಯದಲ್ಲಿ ಎ ಬಂದರೆ 4 ಅಂಕ, ಎಪಿಯಲ್ಲಿ ಎ ಬಂದರೆ 5. ಐದು ಎಪಿಗಳ ಜೊತೆಗೆ ಶಾಲೆಯ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುವ ಹುಡುಗಿ ಆರರಲ್ಲೂ ಎ ಗಳಿಸಿದರೆ ಅವಳ ಸರಾಸರಿ 4.83. ಅದೇ ಹುಡುಗಿ ಪಿಟೀಲನ್ನು ಪೆಟ್ಟಿಗೆಗೆ ಸೇರಿಸಿ, ಆ ಒಂದು ಪಿರಿಯಡ್ ಗೋಡೆ ನೋಡುತ್ತ ಕುಳಿತರೆ ಸರಾಸರಿ 5. ಚೆನ್ನಾಗಿ ನುಡಿಸಿದ್ದಕ್ಕೆ ದಂಡ, ಸುಮ್ಮನೆ ಕುಳಿತದ್ದಕ್ಕೆ ಬಹುಮಾನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೇನೋ ತನ್ನ ಅರ್ಹತೆಯ ಲೆಕ್ಕದಲ್ಲಿ ಈ ಹೆಚ್ಚುವರಿ ಅಂಕವನ್ನು ಎಂಟು ಸೆಮಿಸ್ಟರುಗಳಿಗೆ, ಅಂದರೆ ವರ್ಷವಿಡೀ ಓದುವ ನಾಲ್ಕು ವಿಷಯಗಳಿಗೆ, ಮಿತಿಗೊಳಿಸಿದೆ. ಆದರೆ ಮಿತಿಗಳಿರುವುದು ಪಕ್ಕದ ಮನೆಯ ಮಕ್ಕಳಿಗೆ.

ಇಷ್ಟೆಲ್ಲ ಓದಿದ್ದನ್ನು ಕಾಲೇಜಾದರೂ ಒಪ್ಪಿಕೊಳ್ಳುತ್ತದೆಯೆ? ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ ಕೊಡುವುದಿಲ್ಲ. ಡಾರ್ಟ್‌ಮತ್ 2014ರಲ್ಲಿ ಸೇರಿದವರಿಂದ ಹಿಡಿದು ಕೊಡುವುದನ್ನು ನಿಲ್ಲಿಸಿತು. ಕಾಲೇಜಿನ ಪಾಠವನ್ನು ಮೊದಲೇ ಓದಿರದವರನ್ನು ಒಳಗೆ ಬಿಡಲು ಹಿಂಜರಿಯುವ ಇಂಥ ಸಂಸ್ಥೆಗಳು, ಒಳಗೆ ಬಂದವರು ಓದಿದ್ದನ್ನು ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಹನ್ನೆರಡನೆಯ ತರಗತಿಯವರ ಪಾಡು ಇನ್ನೂ ಸ್ವಾರಸ್ಯಕರ. ಪ್ರವೇಶದ ಉತ್ತರ ಬಂದು, ಸಾಮಾನ್ಯವಾಗಿ ಮೇ 1ರೊಳಗೆ ಹಣ ಕಟ್ಟಿ ಸೀಟು ಗಟ್ಟಿ ಮಾಡಿಕೊಂಡ ಮೇಲೆ ಅವರ ಎಪಿ ಪರೀಕ್ಷೆ ನಡೆಯುತ್ತದೆ, ಅಂಕಗಳು ಜುಲೈನಲ್ಲಿ ಬರುತ್ತವೆ. ತಾಳಿ ಕಟ್ಟಿಸಿ ಆಮೇಲೆ ಜಾತಕ ನೋಡಿಸುವ ಈ ಕ್ರಮದ ಬಗ್ಗೆ ಯಾವ ಬೀಗರೂ ತಕರಾರು ಎತ್ತಿಲ್ಲ.

ಈ ಎಪಿ ಓಟದ ಗುಟ್ಟು ಇರುವುದು, ಅನೇಕ ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕಲು ಬಳಸುವ ಕಾಮನ್ ಆ್ಯಪ್‌ಗಾಗಿ ಶಾಲೆಯ ಕೌನ್ಸೆಲರ್ ತುಂಬುವ ವರದಿಯಲ್ಲಿ. ಅದೇ ಶಾಲೆಯ ಉಳಿದವರಿಗೆ ಹೋಲಿಸಿದರೆ ಈ ವಿದ್ಯಾರ್ಥಿ ಆರಿಸಿಕೊಂಡ ವಿಷಯಗಳು ಎಷ್ಟು ಕಠಿಣ ಎಂದು ಅದು ಕೇಳುತ್ತದೆ. ‘ಅತ್ಯಂತ ಕಠಿಣ’ ಎಂಬ ಚೌಕದಲ್ಲೇ ಗುರುತು ಬೀಳಬೇಕು. ಎಲ್ಲರೂ ಆರು ಎಪಿ ಓದುವ ಶಾಲೆಯಲ್ಲಿ ಆರು ಎಂದರೆ ಸೋಮಾರಿತನ. ಆದ್ದರಿಂದ ಮಗ ಇನ್ನೂ ಎಂಟನೆಯ ತರಗತಿಯಲ್ಲಿರುವಾಗಲೇ, ವಿಷಯ ಆಯ್ಕೆಯ ಫಾರಂ ಮನೆಗೆ ಬಂದ ದಿನ, ಅಪ್ಪ ಅಮ್ಮ ನಾಲ್ಕು ವರ್ಷದ ಎಕ್ಸೆಲ್ ಹಾಳೆ ತೆರೆದು ಕೂರುತ್ತಾರೆ. ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡು, ನಸುಕಿನ ಟ್ಯೂಷನ್ನಿಗೆ ಸೈಕಲ್ ತುಳಿದು, ಸಿಇಟಿ ರ‍್ಯಾಂಕ್ ಎಂಬ ಒಂದೇ ಸಂಖ್ಯೆಗೆ ಬೆವರು ಹರಿಸಿ, ‘ಅಮೆರಿಕದಲ್ಲಿ ಮಕ್ಕಳು ಇಷ್ಟಪಟ್ಟದ್ದನ್ನು ಓದಬಹುದು’ ಎಂದು ಊರಿನವರಿಗೆಲ್ಲ ಹೇಳಿ ವಿಮಾನ ಹತ್ತಿದವರು ಇವರೇ. ಮಗನಿಗೆ ಮಾನವ ಭೂಗೋಳ ಇಷ್ಟವೆ ಎಂದು ಕೇಳಿದರೆ, ‘ಒಂಬತ್ತರಲ್ಲೇ ಸಿಗುವ ಎಪಿ ಅದೊಂದೇ’ ಎಂಬ ಉತ್ತರ ಬರುತ್ತದೆ.

ಈ ಹಾಳೆಯಲ್ಲಿ ಮೊದಲು ಅಳಿಸಿಹೋಗುವುದು ಭಾನುವಾರದ ಕನ್ನಡ ತರಗತಿ. ಎಪಿ ಪಟ್ಟಿಯಲ್ಲಿ ಚೀನೀ, ಜಪಾನಿ, ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ಇವೆ, ಯಾರ ಅಡುಗೆಮನೆಯಲ್ಲೂ ಕೇಳಿಸದ ಲ್ಯಾಟಿನ್ ಇದೆ. ಭಾರತದ ಒಂದು ಭಾಷೆಯೂ ಇಲ್ಲ. ನಾಳೆ ಎಪಿ ಕನ್ನಡ ಎಂಬುದೊಂದು ಬಂದರೆ ಇವೇ ಮನೆಗಳಲ್ಲಿ ಒತ್ತಕ್ಷರಕ್ಕೆ ಒಬ್ಬ ಟ್ಯೂಟರ್, ಷಟ್ಪದಿಗೆ ಇನ್ನೊಬ್ಬ ನೇಮಕಗೊಂಡು, ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಅಜ್ಜಿಯ ವಿಡಿಯೊ ಕರೆಯನ್ನು ಮೌಖಿಕ ಪರೀಕ್ಷೆಯ ಅಭ್ಯಾಸವೆಂದು ವಾರಕ್ಕೆ ಮೂರು ಬಾರಿ, ತಲಾ ಅರ್ಧ ಗಂಟೆಗೆ ನಿಗದಿಪಡಿಸಲಾಗುವುದು. ಮೇ ಪರೀಕ್ಷೆ ಮುಗಿದ ಮೇಲೆ ಅಜ್ಜಿಗೂ ಬೇಸಿಗೆ ರಜೆ.