ಎರಡು ಇಂಚು ಹತ್ತು ಸೆಂಟ್ಸ್

ಮಾರ್ಚ್ ತಿಂಗಳ ಕೊನೆಯ ಭಾನುವಾರ ರಾತ್ರಿ ಊಟ ಮುಗಿದ ಮೇಲೆ ನಾನು ಮೊಬೈಲ್ ತೆರೆದು, ಮುಂದಿನ ಏಳು ದಿನಗಳ ಹವಾಮಾನವನ್ನು ಮನೆಮಂದಿಗೆಲ್ಲ ಕೇಳುವಂತೆ ಓದಿದೆ. ಸೋಮವಾರ ಮತ್ತು ಮಂಗಳವಾರ ಶುಭ್ರ ಬಿಸಿಲು, ಬುಧವಾರ ಮಳೆಯ ಸಾಧ್ಯತೆ ಶೇ. 70, ಗುರುವಾರ ಶೇ. 80, ಶುಕ್ರವಾರದಿಂದ ಇಳಿಮುಖ, ಶನಿವಾರ ಬರೀ ಶೇ. 10. ಯುಗಾದಿಯ ದಿನ ಪುರೋಹಿತರು ಪಂಚಾಂಗ ಓದಿ, ಇಷ್ಟು ಕೊಳಗ ಮಳೆಯಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ಭೂಮಿಗೆಷ್ಟು ಎಂದು ಪಾಲು ಹಾಕುವಾಗ ಅವರ ದನಿಯಲ್ಲಿ ಇರುವ ಗಾಂಭೀರ್ಯ ಅಂದು ನನ್ನ ದನಿಯಲ್ಲೂ ಇತ್ತೆಂದು ನನ್ನ ನಂಬಿಕೆ. ತಂದೆಯವರು ಮಾತ್ರ, "ಈ ವಾರ ರೇವತಿ ಹುಟ್ಟುತ್ತದೆ. ಅದು ನಿನ್ನ ಮೊಬೈಲು ನೋಡಿಕೊಂಡು ಬರುವ ಮಳೆಯಲ್ಲ" ಎಂದು ಹೇಳಿ ಮಲಗಲು ಎದ್ದರು.

ಮೂಡಿಗೆರೆ ಸೀಮೆಯ ಕಾಫಿ ಬೆಳೆಗಾರನಿಗೆ ಮಾರ್ಚ್ ತಿಂಗಳಲ್ಲಿ ಹವಾಮಾನ ಎಂದರೆ ಮಾತು ಶುರುಮಾಡುವುದಕ್ಕೆ ಸಿಕ್ಕುವ ನೆಪವಲ್ಲ, ಬ್ಯಾಂಕಿನ ಸಾಲದ ಕಂತು. ರೋಬಸ್ಟಾ ಗಿಡದ ಗೆಣ್ಣುಗಳಲ್ಲಿ ಮೊಗ್ಗು ಕಟ್ಟಿ ನಿಂತಿರುತ್ತದೆ. ಒಂದು ಇಂಚಿನಷ್ಟಾದರೂ ಹೂಮಳೆ ಬಿದ್ದರೆ ಎಂಟು ಒಂಬತ್ತು ದಿನಗಳಲ್ಲಿ ತೋಟವೆಲ್ಲ ಮಲ್ಲಿಗೆಯಂತೆ ಬಿಳುಪಾಗಿ ಘಮಘಮಿಸುತ್ತದೆ. ಮಳೆ ಕೈಕೊಟ್ಟರೆ ಹೊಳೆಗೋ ಕೆರೆಗೋ ಎಂಜಿನ್ ಕಟ್ಟಿ ಸ್ಪ್ರಿಂಕ್ಲರ್ ಹೊಡೆಯಬೇಕು, ಡೀಸೆಲ್ಲಿಗೆ ದುಡ್ಡು ಸುರಿಯಬೇಕು. ಆದರೆ ಅದೇ ಹೊತ್ತಿಗೆ ಕಣದಲ್ಲಿ ಕರಿಮೆಣಸು ಒಣಗುತ್ತಿರುತ್ತದೆ. ಅದಕ್ಕೆ ಒಂದು ಹನಿಯೂ ತಾಗಬಾರದು. ಹೀಗಾಗಿ ನಾವು ದೇವರ ಮುಂದೆ ಕೈಮುಗಿದು ಸಲ್ಲಿಸುವ ಅರ್ಜಿ ಏನೆಂದರೆ, ತೋಟದ ಮೇಲೆ ಒಂದು ಇಂಚು ಮಳೆ ಬೀಳಲಿ, ಅದರ ನಡುವೆ ಇರುವ ಕಣದ ಮೇಲೆ ಮಾತ್ರ ಚುರುಕು ಬಿಸಿಲು ಇರಲಿ.

ಮಳೆಯನ್ನು ನಾವು ಅಳೆಯುವುದು ಇಂಚು ಮತ್ತು ಸೆಂಟ್ಸ್‌ಗಳಲ್ಲಿ. ನೂರು ಸೆಂಟ್ಸ್ ಆದರೆ ಒಂದು ಇಂಚು, ಅಂದರೆ ಪತ್ರಿಕೆಯ ಲೆಕ್ಕದಲ್ಲಿ 25.4 ಮಿಲಿಮೀಟರ್. ಒಮ್ಮೆ ನಾನು ಫೋನಿನಲ್ಲಿ, "ನಿನ್ನೆ ನಮಗೆ 80 ಸೆಂಟ್ಸ್ ಸಿಕ್ಕಿತು" ಎಂದು ಸಂಭ್ರಮಪಟ್ಟದ್ದನ್ನು ಕೇಳಿಸಿಕೊಂಡ ಮಂಗಳೂರು ಕಡೆಯ ನೆಂಟರೊಬ್ಬರು, ತಮ್ಮೂರಿನಲ್ಲಿ ಸೆಂಟ್ಸ್ ಎಂದರೆ ಜಾಗದ ಅಳತೆಯಾದ್ದರಿಂದ, ನೋಂದಣಿ ಆಯಿತೇ ಎಂದು ಕಳಕಳಿಯಿಂದ ವಿಚಾರಿಸಿದ್ದರು. ಬೆಳಿಗ್ಗೆ ಎಂಟು ಗಂಟೆಗೆ ಮಳೆಮಾಪಕದ ಬಾಟಲಿಯ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಆ ಸಂಖ್ಯೆಯನ್ನು ವಾಟ್ಸಾಪ್ ಬಳಗಕ್ಕೆ ಹಾಕುವುದು ಒಂದು ವ್ರತ. ಅದರಲ್ಲಿ ಪ್ರತಿಷ್ಠೆಯೂ ಇದೆ. ಮಗನಿಗೆ ಎಷ್ಟು ಅಂಕ ಬಂತು ಎಂಬುದನ್ನಾದರೂ ಮುಚ್ಚಿಡಬಹುದು, "ನಿಮ್ಮಲ್ಲಿ ಎಷ್ಟು ಬಿತ್ತು?" ಎಂಬ ಪ್ರಶ್ನೆಗೆ ಉತ್ತರಿಸದೆ ಇರಲಾಗದು.

ಸೋಮವಾರ ಮುನ್ಸೂಚನೆಯನ್ನು ನಂಬಿ, ಒಣಗುವುದಕ್ಕೆ ಬಾಕಿಯಿದ್ದ ಮೆಣಸನ್ನೆಲ್ಲ ಕಣದ ತುಂಬ ಹರವಿಸಿದೆ. ಅದೇ ಹೊತ್ತಿಗೆ ನನ್ನ ಹೆಂಡತಿ ಅಂಗಳದಲ್ಲಿ ಇಟ್ಟಿದ್ದ ಸಂಡಿಗೆಯ ಚಾಪೆಗಳನ್ನು ಮಧ್ಯಾಹ್ನ ಎರಡು ಗಂಟೆಗೇ ಒಳಗೆ ಸಾಗಿಸುತ್ತಿದ್ದಳು. ಬಿಸಿಲು ಇರುವಾಗ ಹೀಗೇಕೆ ಎಂದು ಕೇಳಿದರೆ, "ಗುಡ್ಡ ಹತ್ತಿರ ಬಂದಂಗೆ ಕಾಣ್ತಿದೆ ಕಣ್ರೀ" ಎಂದಳು. ಗುಡ್ಡ ಎಲ್ಲಾದರೂ ಹತ್ತಿರ ಬರುವುದುಂಟೇ ಎಂದು ನಕ್ಕು ನಾನು ಒಂದು ಗಳಿಗೆ ಅಡ್ಡಾದೆ. ನಾಲ್ಕು ಗಂಟೆಗೆ ಹೆಂಚಿನ ಮೇಲೆ ಸದ್ದಾದಾಗ ಎದ್ದು ಕಣಕ್ಕೆ ಓಡುವಷ್ಟರಲ್ಲಿ ಮಳೆ ಬಂದೂ ಆಗಿತ್ತು, ಹೋಗಿಯೂ ಆಗಿತ್ತು. ಮರುದಿನ ಅಳೆದಾಗ ಸಿಕ್ಕಿದ್ದು ಆರು ಸೆಂಟ್ಸ್. ಮೊಗ್ಗಿಗೆ ಏನೇನೂ ಸಾಲದು, ಮೆಣಸಿಗೆ ಧಾರಾಳವಾಗಿ ಸಾಕು.

ಆದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಬುಧವಾರ ನಾನು ಶೇ. 70ಕ್ಕೆ ಪೂರ್ತಿ ಶರಣಾದೆ. ಬೆಳಿಗ್ಗೆಯೇ ಮೆಣಸನ್ನು ರಾಶಿ ಮಾಡಿಸಿ, ಎರಡು ಟಾರ್ಪಾಲ್ ಹೊದಿಸಿ, ಗಾಳಿಗೆ ಹಾರದಂತೆ ಸುತ್ತಲೂ ಕಲ್ಲು ಹೇರಿಸಿದೆ. ಅಂದು ಬಿದ್ದ ಬಿಸಿಲಿನಂಥ ಬಿಸಿಲು ಈ ವರ್ಷ ಬಿದ್ದಿರಲಿಲ್ಲ. ಸಂಜೆ ಟಾರ್ಪಾಲಿನ ಅಂಚು ಎತ್ತಿದಾಗ ಒಳಗಿನಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಬಂದು ಕನ್ನಡಕ ಮಂಜಾಯಿತು. ಕೈಹಾಕಿ ನೋಡಿದರೆ ಮೆಣಸು ಬೆಚ್ಚಗೆ ಬೆವೆತು, ರಾಶಿಯ ತಳದಲ್ಲಿ ಆಗಲೇ ಬೂಸ್ಟಿನ ವಾಸನೆ ಹಿಡಿದಿತ್ತು.

ಗುರುವಾರದ್ದು ಬೇರೆಯದೇ ಸಂಕಟ. ಮಧ್ಯಾಹ್ನ ಘಾಟಿಯ ಕಡೆ ಮೋಡ ಕೋಟೆ ಕಟ್ಟಿತು, ಗುಡುಗಿತು, ಕರೆಂಟು ತನ್ನ ಪಾಲಿನ ಕರ್ತವ್ಯವೆಂಬಂತೆ ಹೋಯಿತು, ಮಣ್ಣಿನ ವಾಸನೆಯೂ ಬಂತು. ಮಳೆ ಮಾತ್ರ ರಸ್ತೆಯ ಆಚೆ ಬದಿಯ ಗೌಡರ ತೋಟದವರೆಗೆ ಬಂದು, ನಮ್ಮ ಗೇಟಿನ ಮುಂದೆ ಏನನ್ನೋ ನೆನಪಿಸಿಕೊಂಡಂತೆ ನಿಂತುಬಿಟ್ಟಿತು. ಗೌಡರಿಗೆ 95 ಸೆಂಟ್ಸ್, ನಮಗೆ ಗಾಳಿ. ಇದರಲ್ಲಿ ಯಾರದೂ ತಪ್ಪಿಲ್ಲವೆಂದು ನನಗೆ ಗೊತ್ತು. ಬೇಸಿಗೆಯ ಈ ಮಳೆ ಮುಂಗಾರಿನಂತೆ ನಾಡನ್ನೆಲ್ಲ ಹೊದ್ದುಕೊಂಡು ಬರುವುದಲ್ಲ. ಕಾದ ನೆಲದ ಬಿಸಿಗಾಳಿ ಸಮುದ್ರದ ತೇವವನ್ನು ಹೊತ್ತು ಮೇಲೇರಿ ಮಧ್ಯಾಹ್ನದ ಹೊತ್ತಿಗೆ ಕಟ್ಟುವ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು, ಎಲ್ಲಿ ಕಟ್ಟುತ್ತದೋ ಅಲ್ಲೇ ಸುರಿಯುತ್ತದೆ. ಹವಾಮಾನ ಇಲಾಖೆಯ ಭಾಷೆಯಲ್ಲಿ "ಅಲ್ಲಲ್ಲಿ ಮಳೆ" ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗಕ್ಕೆ ಮಳೆ ಎಂದರ್ಥ. ಅವರು ಹೇಳಿದಂತೆಯೇ ಅಲ್ಲಲ್ಲಿ ಬಂದಿದೆ. ನಾವು ಆ "ಅಲ್ಲಲ್ಲಿ"ಯೊಳಗೆ ಸೇರಿಲ್ಲ, ಅಷ್ಟೇ. ಆದರೆ ಈ ವಿಜ್ಞಾನವನ್ನು ಗೌಡರು ತಮ್ಮ ಗೇಟಿನ ಬಳಿ ಹೊಸ ಕೊಡೆ ಮಡಚುತ್ತ, "ನಿಮಗೇನೂ ಬರಲಿಲ್ವಾ?" ಎಂದು ಕೇಳುವಾಗ ನೆನಪಿಸಿಕೊಳ್ಳುವುದು ಕಷ್ಟ.

ಶುಕ್ರವಾರ ತಾಳ್ಮೆ ಮುಗಿಯಿತು. ಶನಿವಾರ ಶೇ. 10 ಎಂದ ಮೇಲೆ ಇನ್ನೇನು ನಂಬಿ ಕಾಯುವುದು? ಪೈಪುಗಳನ್ನು ಬಾಡಿಗೆಗೆ ತಂದು, ಕ್ಯಾನುಗಳಲ್ಲಿ ಡೀಸೆಲ್ ಹೊತ್ತು, ಮೇಸ್ತ್ರಿಯೊಂದಿಗೆ ಹೊಳೆಗಿಳಿದು ಎಂಜಿನ್ ಕಟ್ಟಿಸಿದೆ. ಶನಿವಾರ ಬೆಳಗಿನಿಂದ ಸ್ಪ್ರಿಂಕ್ಲರಿನ ಜೆಟ್ಟುಗಳು ಚಿಟ್‌ಚಿಟ್ ಎನ್ನುತ್ತ ತಿರುಗತೊಡಗಿದವು. ಹೂ ಅರಳುವ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ, ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಆಗಬೇಕು, ಹಾಗಾಗಿ ಒಂಬತ್ತನೆಯ ದಿನದ ಹವಾಮಾನ ನೋಡೋಣವೆಂದು ಮೊಬೈಲ್ ತೆಗೆದೆ. ಅದರಲ್ಲಿ ಇದ್ದದ್ದು ಏಳೇ ದಿನ. ಸಂಜೆ ಐದಕ್ಕೆ ಕೊನೆಯ ಸಾಲಿನ ನೀರು ಮುಗಿದು ಎಂಜಿನ್ ಆರಿಸಿದಾಗ ಬೇರೊಂದು ಎಂಜಿನ್ ಆಕಾಶದಲ್ಲಿ ಶುರುವಾಗಿರುವುದು ಕೇಳಿಸಿತು. ಐದೂವರೆಗೆ ಆಲಿಕಲ್ಲು ಸಹಿತ ಮಳೆ. ಮೇಸ್ತ್ರಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಪೈಪ್ ಬಿಚ್ಚುತ್ತ ನನ್ನ ಮುಖವನ್ನು ನೋಡದಿರಲು ಬಹಳ ಪ್ರಯತ್ನಪಡುತ್ತಿದ್ದ.

ಭಾನುವಾರ ಬೆಳಿಗ್ಗೆ ಮಾಪಕ ತೋರಿಸಿದ್ದು ಎರಡು ಇಂಚು ಹತ್ತು ಸೆಂಟ್ಸ್. ಗಾಜಿನ ಅಳತೆಯನ್ನು ಎರಡು ಸಲ ತುಂಬಿಸಿ ಮೂರನೆಯ ಸಲವೂ ಬಗ್ಗಿಸಬೇಕಾಯಿತು. ಡೀಸೆಲ್ಲಿನ ದುಃಖ ಅರ್ಧ ಮರೆತುಹೋಯಿತು. ಗೌಡರ 95 ಸೆಂಟ್ಸ್ ಕಣ್ಣೆದುರು ಬಂದುದರಿಂದ ಉಳಿದರ್ಧವೂ ಮರೆತುಹೋಗಿ, ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಬಳಗಕ್ಕೆ ಹಾಕಿದೆ. ಅಭಿನಂದನೆಗಳು ಬಂದವು. ಕೊಟ್ಟಿಗೆಹಾರದ ಕಡೆಯ ಪರಿಚಯದವರೊಬ್ಬರು ಫೋನ್ ಮಾಡಿ, ಎಲ್ಲರಿಗೂ ಒಂದರ ಆಸುಪಾಸು ಬಿದ್ದಿರುವಾಗ ನಿಮಗೊಬ್ಬರಿಗೆ ಎರಡು ಹೇಗೆ ಎಂದು ಆಶ್ಚರ್ಯಪಟ್ಟರು. "ಅಲ್ಲಲ್ಲಿ" ಎಂಬ ಪದದ ಅರ್ಥವನ್ನು ನಾನು ಅವರಿಗೆ ವಿವರವಾಗಿ ತಿಳಿಸಿಕೊಟ್ಟೆ.

ಹತ್ತು ಗಂಟೆಗೆ ಬಟವಾಡೆಗೆ ಬಂದ ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತ, "ಅಯ್ಯಾ, ನಿನ್ನೆ ಆ ಮೂಲೆ ಜೆಟ್ಟು ಮಳೆ ಅಳೆಯೋ ಡಬ್ಬಿ ಮೇಲೇ ಬೀಳ್ತಿತ್ತು, ಹೇಳಣ ಅಂದ್ಕೊಂಡೆ" ಎಂದ. ಅಷ್ಟರಲ್ಲಿ ಆ ಸಂಖ್ಯೆ ಬೇರೆ ಎರಡು ಬಳಗಗಳಲ್ಲಿ ಸುತ್ತಾಡಿ, ತಾಲ್ಲೂಕಿನಲ್ಲೇ ಅತಿ ಹೆಚ್ಚು ಎಂಬ ಬಿರುದು ಧರಿಸಿ, ನನ್ನ ಮೊಬೈಲಿಗೇ ವಾಪಸು ಬಂದಿತ್ತು. ತಂದೆಯವರು ವರ್ಷಾನುವರ್ಷ ಒಂದು ದಿನವೂ ತಪ್ಪದೆ ಬರೆದಿಟ್ಟಿರುವ ಮಳೆಯ ಪುಸ್ತಕದಲ್ಲೂ ಶಾಯಿಯಲ್ಲಿ ಇಳಿದಾಗಿತ್ತು. ನಾನು ಹೋಗಿ ತಗ್ಗಿದ ದನಿಯಲ್ಲಿ ವಿಷಯ ತಿಳಿಸಿ, ಹೊಡೆದುಹಾಕಿಬಿಡಿ ಎಂದೆ. ಅವರು ಕನ್ನಡಕ ಏರಿಸಿ ಸ್ವಲ್ಪ ಹೊತ್ತು ಪುಟ ನೋಡಿದರು. ಈ ಪುಸ್ತಕದಲ್ಲಿ ಇದುವರೆಗೆ ಹೊಡೆದು ಬರೆದದ್ದಿಲ್ಲ ಎಂದು ಹೇಳಿ, ಪೆನ್ನಿನ ಮುಚ್ಚಳ ತೆಗೆದು, ಎರಡು ಇಂಚು ಹತ್ತು ಸೆಂಟ್ಸ್ ಎಂಬುದರ ಪಕ್ಕದಲ್ಲಿ ಪುಟ್ಟ ಅಕ್ಷರಗಳಲ್ಲಿ "ಡೀಸೆಲ್ ಸೇರಿ" ಎಂದು ಬರೆದರು.