ಸುರಂಗ ಉಳಿಯಬೇಕಾದರೆ ಗುಡ್ಡೆಯ ತಲೆ ಉಳಿಯಬೇಕು

ಕಾಸರಗೋಡಿನ ಬಾಯಾರು, ಪೈವಳಿಕೆ, ಎಣ್ಮಕಜೆ, ಶೇಣಿ ಕಡೆಯ ಗುಡ್ಡೆಮನೆಗಳಿಗೆ ಬಂದವರು ನೀರಿಗಾಗಿ ಗುಡ್ಡೆಯೊಳಗೆ ಕೊರೆದ ಸುರಂಗದ ಬಾಯಲ್ಲಿ ನಿಂತು ಫೋಟೊ ತೆಗೆಸಿಕೊಂಡು 'ನಮ್ಮ ಪರಂಪರೆ' ಎಂದು ಹಾಕುತ್ತಾರೆ. ಸಂತೋಷ. ಆದರೆ ಅದೇ ಗುಡ್ಡೆಗೆ ಜೆಸಿಬಿ ಹತ್ತುವಾಗ ಯಾರೂ ಬಾಯಿ ಬಿಡುವುದಿಲ್ಲ. ಸುರಂಗದ ಜೀವ ಇರುವುದು ಅಲ್ಲಿ, ಮೇಲೆ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಕಡಿದಾದ ಇಳಿಜಾರಾದ್ದರಿಂದ ಬಹುಪಾಲು ನೀರು ತೋಡು (ಹಳ್ಳ) ಸೇರಿ ಕಡಲಿಗೆ ಹೋಗುತ್ತದೆ. ಇಂಗಿದ್ದು ಮಾತ್ರ ಮುರಕಲ್ಲಿನ (ಕೆಂಪುಕಲ್ಲಿನ) ತೂತುಗಳಲ್ಲಿ ಇಳಿದು, ಕೆಳಗಿನ ಶೇಡಿಮಣ್ಣು (ನುಣ್ಣನೆಯ ಜೇಡಿ) ತಡೆದಾಗ ಅಡ್ಡಕ್ಕೆ ಒಸರುತ್ತದೆ. ಆ ಒಸರನ್ನು ಹುಡುಕಿಕೊಂಡು ಗುಡ್ಡೆಯೊಳಗೆ ಅಡ್ಡಕ್ಕೇ ಕೊರೆದು ಹೋಗುವುದು ಸುರಂಗ. ಪಂಪು ಬೇಡ, ಕರೆಂಟು ಬೇಡ.

ತೋಡುವುದು ಬೇಸಗೆಯಲ್ಲೇ. ಮಳೆಗಾಲದಲ್ಲಿ ಎಲ್ಲಿ ತೋಡಿದರೂ ನೀರು. ಏಪ್ರಿಲಿನಲ್ಲಿ ಸಿಕ್ಕಿದ ಒಸರನ್ನು ನಂಬಬಹುದು. ಜಾಗ ನೋಡುವವರು ಧೂಪದ ಮರ, ಬಸರಿ, ಉಪ್ಪಳಿಗೆಯಂಥ ಮರಗಳನ್ನೂ ಹುತ್ತಗಳನ್ನೂ ಗಮನಿಸುತ್ತಾರೆ. ಎತ್ತರ ಆರಡಿ, ಅಗಲ ಎರಡಡಿ ಚಿಲ್ಲರೆ, ಒಬ್ಬ ಆಳು ನಡೆದು ಹೋಗುವಷ್ಟು. ಅಗಲ ಹೆಚ್ಚಿಸಿದರೆ ಹೊರುವ ಮಣ್ಣೂ ಹೆಚ್ಚು, ಮೇಲ್ಭಾಗ ಕುಸಿಯುವ ಭಯವೂ ಹೆಚ್ಚು. ಒಬ್ಬ ಗಿಡ್ಡ ಹಿಡಿಯ ಪಿಕ್ಕಾಸಿನಿಂದ ಕಡಿಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕುತ್ತಾನೆ. ಉದ್ದದ ಲೆಕ್ಕ ಕೋಲಿನಲ್ಲಿ. ಕೋಲೆಂದರೆ ಸುಮಾರು ಎರಡೂವರೆ ಅಡಿ.

ನೆಲ ಒಳಗೆ ಹೋದಂತೆ ಸ್ವಲ್ಪ ಸ್ವಲ್ಪವೇ ಏರಬೇಕು. ಇಲ್ಲಿ ತಪ್ಪಿದರೆ ನೀರು ಒಳಗೇ ನಿಂತು ಹೊರಗೆ ಬಾರದು. ಒಳಗಿಟ್ಟ ದೀಪ ಬೆಳಕಿಗೂ ಹೌದು, ಸುರಂಗ ನೇರ ಹೋಗುತ್ತಿದೆಯೋ ಎಂದು ನೋಡುವುದಕ್ಕೂ ಹೌದು. ಎಣ್ಣೆ ಇದ್ದೂ ಅದು ಮಂಕಾದರೆ ಗಾಳಿ ಸಾಲದು. ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು. ತುಂಬ ಉದ್ದದವಕ್ಕೆ 50-60 ಮೀಟರಿಗೊಂದು ಗಾಳಿಗುಂಡಿಯನ್ನು ಮೇಲಿನಿಂದ ಇಳಿಸುತ್ತಿದ್ದರು. ಪಾದೆ (ಗಟ್ಟಿ ಬಂಡೆ) ಸಿಕ್ಕಿದರೆ ಪಕ್ಕಕ್ಕೆ ತಿರುಗಬಹುದು. ಅಪಾಯ ಇರುವುದು ಶೇಡಿಯಲ್ಲಿ: ಒಣಗಿರುವಾಗ ಗಟ್ಟಿ ಗೋಡೆ, ನೀರು ತಾಗಿತೋ ಗಂಜಿಯ ಹಾಗೆ ಜಾರುತ್ತದೆ. ಅಂಥಲ್ಲಿ ಹಠ ಮಾಡಬಾರದು.

ಅಷ್ಟು ಮಾಡಿಯೂ ನೀರು ಸಿಗದೇ ಹೋಗಬಹುದು. ಗಡಿಯಾಚೆ, ಕರ್ನಾಟಕದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡೆಯಲ್ಲಿ ಒಬ್ಬರೇ ತೋಡಿದ ಸುರಂಗಗಳು ಒಂದರ ಹಿಂದೊಂದು ಒಣಕಲಾದವು. ಅವರು ಬಿಡಲಿಲ್ಲ, ಕೊನೆಗೂ ನೀರು ಕಂಡರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಈ ಕಸುಬಿಗೇ ಮರ್ಯಾದೆ ಬಂದಂತಾಯಿತು.

ಇರುವ ಸುರಂಗದ ಆರೈಕೆ ದೊಡ್ಡ ಕೆಲಸವಲ್ಲ. ನೀರು ನಿಲ್ಲಿಸಲು ಒಳಗೆ ಹಾಕಿದ ಮಣ್ಣಿನ ಕಟ್ಟದಲ್ಲಿ ಏಡಿ ತೂತು ಮಾಡಿದ್ದರೆ ಮುಚ್ಚಬೇಕು, ಹೂಳು ತೆಗೆಯಬೇಕು, ಮುಳ್ಳುಹಂದಿ ಸೇರದ ಹಾಗೆ ಬಾಯಿಗೆ ಬಲೆ ಕಟ್ಟಬೇಕು. ನೀರು ಹರಿಸಲು ಇಡುತ್ತಿದ್ದ ಅಡಿಕೆ ದಂಬೆಯ (ಸೀಳಿದ ಅಡಿಕೆ ಮರದ) ಜಾಗಕ್ಕೆ ಪಿವಿಸಿ ಪೈಪು ಬಂದಿದೆ, ತೊಂದರೆಯೇನಿಲ್ಲ. ವರ್ಷಗಟ್ಟಲೆ ಯಾರೂ ಹೋಗದ ಸುರಂಗಕ್ಕೆ ಮಾತ್ರ ಒಬ್ಬರೇ ಇಳಿಯಬೇಡಿ.

ಮೇಲೆ ಏನಾಗುತ್ತಿದೆ ನೋಡಿ. ಕೆಂಪುಕಲ್ಲಿನ ಕೋರೆ ಮುರಕಲ್ಲಿನ ಪದರವನ್ನೇ ಎತ್ತಿಕೊಂಡು ಹೋಗುತ್ತದೆ. ನೀರು ಹಿಡಿದಿಡುವ ಜಾಗವೇ ಹೋದ ಮೇಲೆ ಕೆಳಗಿನ ಸುರಂಗಕ್ಕೆ ಏನು ಬಂದೀತು? ಕೊಳವೆಬಾವಿಗೆ ಕೇಸಿಂಗ್ (ಹೊರಗವಚದ ಪೈಪು) ಸರಿಯಾಗಿ ಕೂರಿಸದಿದ್ದರೆ ಮೇಲಿನ ಒಸರು ಅದರೊಳಗೇ ಸೋರಿಹೋಗಬಹುದು. ಗುಡ್ಡೆಯ ಮೇಲೆ ಬಿದ್ದದ್ದು ಕೊಡಪಾನಕ್ಕೆ ಬರುತ್ತದೆ ಎಂಬುದನ್ನು ಎಣ್ಮಕಜೆಯ ಪಡ್ರೆಯ ಜನರಿಗೆ ಗೇರುತೋಟಕ್ಕೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್ ಕಲಿಸಿಕೊಟ್ಟಿತು, ಅದೂ ಎಷ್ಟು ಜೀವಗಳ ಬೆಲೆಗೆ.

ಮುಳಿಹುಲ್ಲು, ಕುರುಚಲು ಇರಲಿ, ಬೆಂಕಿ ಹಾಕಬೇಡಿ. ಇಂಗುಗುಂಡಿ ಮಾಡಿ, ಆದರೆ ಸುರಂಗದ ನೇರ ಮೇಲೆ ಬೇಡ. ನೀರಿನ ಭಾರಕ್ಕೆ ಕುಸಿದೀತು. ಆಸ್ತಿ ಪಾಲಾಗುವಾಗ ಗುಡ್ಡೆ ಒಬ್ಬನಿಗೆ, ಸುರಂಗ ಇನ್ನೊಬ್ಬನಿಗೆ ಹೋಗುವುದುಂಟು. ಅಂಥಲ್ಲಿ ಸುರಂಗದ ನೆತ್ತಿಯ ಜಾಗವನ್ನು ಕೋರೆಗೆ ಕೊಡಕೂಡದು, ನೀರಿನ ಹಕ್ಕು ಇಂಥವರಿಗೆ ಎಂದು ಪಾಲುಪಟ್ಟಿಯಲ್ಲೇ ಬರೆಸಿಡಿ. ಗುಡ್ಡೆ ಮಾರಾಟವಾದ ಮೇಲೆ ಕೇಳಲು ಹೋದರೆ ಕೈಯಲ್ಲಿ ಕಾಗದ ಇರುವುದಿಲ್ಲ.